ವಿನ್ಯಾಂಪ್, ಕ್ಯಾಸೆಟ್ಟು ಮತ್ತು ಮೂವತ್ತು ಬೈಟುಗಳ ಹೆಸರು

ಒಂದು ವಿಷಯ ಗಮನಿಸಿದ್ದೀರಾ? ಗಣಕಯಂತ್ರದೊಳಗೆ ಸುತ್ತುವ ಟೇಪೂ ಇಲ್ಲ, ಒತ್ತಿದರೆ ಕಟಕ್ ಅನ್ನುವ ಗುಂಡಿಯೂ ಇಲ್ಲ. ಆದರೂ ಹಾಡು ಹಾಕಲು ಬಲಕ್ಕೆ ಮುಖ ಮಾಡಿದ ತ್ರಿಕೋನ, ತುಸು ತಡೆಯಲು ಎರಡು ಗೀಟು, ನಿಲ್ಲಿಸಲು ಚೌಕ. ಎಲ್ಲವೂ ಟೇಪ್ ರೆಕಾರ್ಡರಿನ ಬಳುವಳಿ!

1991ರಲ್ಲಿ ವಿಂಡೋಸ್ 3.0ಗೆ ಸೇರಿಸಿಕೊಟ್ಟ ಮಲ್ಟಿಮೀಡಿಯಾ ಸೌಲಭ್ಯದಲ್ಲೇ ಮೀಡಿಯಾ ಪ್ಲೇಯರ್ ಇತ್ತು. ಆದರೆ ಮನೆಮನೆಯ ಕಂಪ್ಯೂಟರನ್ನು ಹಾಡುಪೆಟ್ಟಿಗೆ ಮಾಡಿದ್ದು ವಿನ್ಯಾಂಪ್. 1995ರಲ್ಲಿ ಎಂಪಿ3 ಎಂಬ ಹೆಸರು ಬಂತು. ಎರಡೇ ವರ್ಷದಲ್ಲಿ, ಅಂದರೆ 1997ರಲ್ಲಿ, ಅಮೆರಿಕದ ಜಸ್ಟಿನ್ ಫ್ರಾಂಕೆಲ್ ಎಂಬ ಹದಿನೆಂಟರ ಹುಡುಗ ಡಿಮಿಟ್ರಿ ಬೋಲ್ಡಿರೆವ್ ಜೊತೆ ಸೇರಿ ಅದನ್ನು ಹೊರತಂದ. 1999ರಲ್ಲಿ ಎಓಎಲ್ ಕಂಪನಿ ಅವನ ನಲ್‌ಸಾಫ್ಟನ್ನು ಸುಮಾರು 8 ಕೋಟಿ ಡಾಲರಿಗೆ ಕೊಂಡಿತು.

ವಿನ್ಯಾಂಪಿನ ಮುಖ್ಯ ಕಿಟಕಿ ಬರೀ 275 ಪಿಕ್ಸೆಲ್ ಅಗಲ, 116 ಎತ್ತರ. ಅದರಲ್ಲೇ ಗುಂಡಿಗಳು, ಹಸಿರು ಅಂಕಿಗಳ ಗಡಿಯಾರ, ಸರಿಯುತ್ತಾ ಹೋಗುವ ಹಾಡಿನ ಹೆಸರು. ಕೆಳಗೆ ಹತ್ತು ಪಟ್ಟಿಗಳ ಈಕ್ವಲೈಜರ್. ಬೇಜಾರಾದರೆ ‘ಸ್ಕಿನ್’ ಬದಲಿಸಿ ಇಡೀ ಮುಖವನ್ನೇ ಬೇರೆ ಮಾಡಬಹುದಿತ್ತು.

ನನಗೆ ಹಿಡಿಸಿದ್ದು ಬೇರೆ. ನಾನು ಬ್ಯಾಂಕಿಗೆ ಸೇರಿದಾಗ ಶಾಖೆಯಲ್ಲಿದ್ದದ್ದು ಲೆಡ್ಜರ್ ಪೋಸ್ಟಿಂಗ್ ಯಂತ್ರ, ರಂಗರಾಜನ್ ಸಮಿತಿಯ 1984ರ ವರದಿಯ ಫಲ. ಪರದೆಯ ತುಂಬ ಅಕ್ಷರ, ಅಂಕಿ; ಮೌಸಿನ ಮಾತೇ ಇಲ್ಲ. ಅಂಥ ಕೈಗಳಿಗೆ ವಿನ್ಯಾಂಪ್ ಹೇಳಿ ಮಾಡಿಸಿದಂತಿತ್ತು. ಕೀಲಿಮಣೆಯ ಕೆಳಸಾಲಿನ ಝಡ್, ಎಕ್ಸ್, ಸಿ, ವಿ, ಬಿ ಒತ್ತಿದರೆ ಹಿಂದಿನ ಹಾಡು, ಶುರು, ತಡೆ, ನಿಲುಗಡೆ, ಮುಂದಿನ ಹಾಡು. ಪರದೆಯ ಗುಂಡಿಗಳೂ ಅದೇ ಕ್ರಮದಲ್ಲಿ! ಇನ್ನು ಪ್ಲೇಲಿಸ್ಟ್ ಅಂದರೆ ಸಾಕ್ಷಾತ್ ಲೆಡ್ಜರ್ ಪುಟವೇ. ಎಡಕ್ಕೆ ವಿವರ, ಬಲಕ್ಕೆ ನಿಮಿಷಗಳು, ಅಡಿಯಲ್ಲಿ ಒಟ್ಟು ಮೊತ್ತ.

ಡೊಂಬಿವಲಿಯ ನಮ್ಮ ಮನೆಗೆ ಲ್ಯಾಮಿಂಗ್ಟನ್ ರೋಡಿನಲ್ಲಿ ಜೋಡಿಸಿದ ಕಂಪ್ಯೂಟರ್ ಬಂದಾಗ ಮೊದಲು ಮಾಡಿದ ಕೆಲಸ, ಅಮ್ಮ ಹಾಡಿದ ಹಸೆ ಹಾಡುಗಳ ಕ್ಯಾಸೆಟ್ಟನ್ನು ಅದಕ್ಕೆ ಇಳಿಸಿದ್ದು. ಟೇಪ್ ರೆಕಾರ್ಡರಿಗೂ ಸೌಂಡ್ ಕಾರ್ಡಿಗೂ ಒಂದು ವೈರು, ಅಷ್ಟೇ. ಅರವತ್ತು ನಿಮಿಷದ ಕ್ಯಾಸೆಟ್ಟು 128 ಕೆಬಿಪಿಎಸ್ ಲೆಕ್ಕದಲ್ಲಿ 58 ಎಂಬಿಯೊಳಗೆ ಕೂತಿತು. ತೊಡಕಾದದ್ದು ಹೆಸರಿನದು.

ಎಂಪಿ3 ಕಡತದ ಬಾಲದಲ್ಲಿ ಹಾಡಿನ ವಿವರ ಇಡುವ ‘ಐಡಿ3’ ಎಂಬ ಚೀಟಿಯನ್ನು 1996ರಲ್ಲಿ ಎರಿಕ್ ಕೆಂಪ್ ರೂಪಿಸಿದ್ದ. ಇಡೀ ಚೀಟಿ 128 ಬೈಟು, ಹಾಡಿನ ಹೆಸರಿಗೆ 30 ಮಾತ್ರ. ಇಂಗ್ಲಿಷಿಗಾದರೆ ಮೂವತ್ತು ಅಕ್ಷರ. ಯೂಟಿಎಫ್-8 ರೀತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು. ‘ಹಸೆ’ ಎಂಬ ಎರಡಕ್ಷರವೇ 9 ಬೈಟು ನುಂಗುತ್ತದೆ. ಅದಿರಲಿ, ಆಗ ನಮ್ಮ ವಿಂಡೋಸ್ 98ಕ್ಕೆ ಕನ್ನಡವೇ ಬರುತ್ತಿರಲಿಲ್ಲ. ಹೀಗಾಗಿ ಎಲ್ಲ ಹೆಸರೂ ಇಂಗ್ಲಿಷ್ ಲಿಪಿಯಲ್ಲಿ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಗಳು ಪರದೆ ನೋಡಿ, “ಪಪ್ಪಾ, ಈ ‘ಹೇಸ್ ಹಾಡು’ ಅಂದ್ರೇನು?” ಅಂದಳು. ನಗು ಬಂತು, ಹೊಟ್ಟೆಯಲ್ಲಿ ಕಸಿವಿಸಿಯೂ ಆಯಿತು. ಅಜ್ಜಿಯ ದನಿ ಉಳಿದಿತ್ತು, ಮಾತು ಜಾರುತ್ತಿತ್ತು.

ದಾರಿ ನಿಧಾನವಾಗಿ ತೆರೆಯಿತು. 1998ರ ಐಡಿ3 ಎರಡನೇ ಆವೃತ್ತಿ ಯೂನಿಕೋಡಿಗೆ ಜಾಗ ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅಕ್ಷರಶೈಲಿ ಬಂತು. ವಿನ್ಯಾಂಪನ್ನು ಮುಚ್ಚುತ್ತೇವೆಂದು ಎಓಎಲ್ 2013ರಲ್ಲಿ ಸಾರಿತು. ಮರುವರ್ಷ ರೇಡಿಯೊನಮಿ ಕೊಂಡು ಉಳಿಸಿತು. ಅಷ್ಟರಲ್ಲಿ ನಾನು ಪ್ಯಾರಿಸ್ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಯೋಜನೆಯಿಂದ ಬೆಳೆದ, ಕಿತ್ತಳೆ ಕೋನಿನ ವಿಎಲ್‌ಸಿಗೆ ಬಂದಿದ್ದೆ. ಅದರ ಪಟ್ಟಿಯಲ್ಲಿ ಈಗ ‘ಹಸೆ ಹಾಡು’ ಕನ್ನಡದಲ್ಲೇ ಕಾಣುತ್ತದೆ.

ಇವತ್ತು ಫೋನಿನಲ್ಲಿ ಕೇಳುವ ಹಾಡುಗಳಿಗೆ ಹೆಸರಿಡುವವರು ಯಾರೋ. ಮನೆಯವರ ದನಿಗೆ ಹೆಸರಿಡಬೇಕಾದವರು ನಾವೇ. ನಿಮ್ಮ ಅಟ್ಟದ ಮೇಲೂ ಅಂಥ ಕ್ಯಾಸೆಟ್ಟುಗಳಿದ್ದರೆ ಟೇಪು ಅಂಟಿಕೊಳ್ಳುವ ಮುಂಚೆ ಇಳಿಸಿಕೊಳ್ಳಿ. ಯಾರು ಹಾಡಿದ್ದು, ಯಾವ ಊರಲ್ಲಿ, ಯಾರ ಮದುವೆಯಲ್ಲಿ, ಎಲ್ಲವನ್ನೂ ಕನ್ನಡದಲ್ಲೇ ಬರೆದಿಡಿ. ಮೂವತ್ತು ಬೈಟುಗಳ ಕಟ್ಟು ಈಗ ಇಲ್ಲವಲ್ಲ!