ಕಲ್ಲಿನ ಗುರುತು, ಹೊನ್ನಿನ ಆಸೆ

ತುಮಕೂರು ಜಿಲ್ಲೆಯ ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯ ಚನ್ನರಾಯನದುರ್ಗ, ಇವೆಲ್ಲ ಪಾಳೇಗಾರರ ಕೋಟೆಗಳು. ಸಿರಾ 1687ರಲ್ಲಿ ಮೊಘಲರ ವಶವಾಗಿ ಸುಬೆಯ ರಾಜಧಾನಿಯಾಯಿತು. ಕೋಟೆ ಕೈಬದಲಾದ ಕಡೆ ಹೊನ್ನು ಹೂತಿಟ್ಟಿದ್ದಾರೆಂಬ ನಂಬಿಕೆ ಬೇರೂರುವುದು ಸಹಜ.

ನಿಧಿ ಹುಡುಕುವವರು ವೀಳ್ಯದೆಲೆಗೆ ಅಂಜನ ಹಚ್ಚಿ ನೋಡಿಸುತ್ತಾರೆ. ಶಾಸನ, ವೀರಗಲ್ಲುಗಳ ಗುರುತುಗಳನ್ನು ಸುಳಿವೆಂದು ಬಗೆಯುತ್ತಾರೆ. ಆದರೆ ದಾನಶಾಸನದ ಸೂರ್ಯ ಚಂದ್ರರು ಆ ದಾನ ಆಚಂದ್ರಾರ್ಕವಾಗಿ, ಅಂದರೆ ಸೂರ್ಯ ಚಂದ್ರರಿರುವವರೆಗೂ, ನಡೆಯಲೆಂದು ಹೇಳುತ್ತಾರೆ. ಲಿಂಗಮುದ್ರೆ, ವಾಮನಮುದ್ರೆಯ ಕಲ್ಲುಗಳು ದತ್ತಿ ಭೂಮಿಯ ಎಲ್ಲೆಯನ್ನು ತೋರಿಸುತ್ತವೆ. ಕತ್ತೆಯ ಚಿತ್ರ ದಾನ ಕೆಡಿಸಿದವನಿಗಿಟ್ಟ ಶಾಪ. ಈ ಜಿಲ್ಲೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 12ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನಿಧಿ ಹುಡುಕುವವರ ಹಾರೆಯ ಪೆಟ್ಟಿಗೆ ಒಡೆದ ಕಲ್ಲಿನೊಡನೆ ಊರಿನ ಹೆಸರು, ಕೆರೆ ಕಟ್ಟಿಸಿದವರ ಹೆಸರು ಅಳಿಸಿಹೋಗುತ್ತವೆ. ನಿಜವಾದ ನಷ್ಟ ಇದೇ.