ಮುತ್ತಿನೊಳಗಿನ ಜೀವ: ಕಲ್ಯಾಣದ ಕೋಶ ಮತ್ತು ಕಡಲ ಸಿಂಪಿ

ಕಡಲಿನಿಂದ ಬಹುದೂರವಿರುವ ಬಸವಕಲ್ಯಾಣಕ್ಕೂ ಮುತ್ತಿಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜ. ಕಲ್ಯಾಣ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ ಕ್ರಿ.ಶ. 1126–1138) ರಚಿಸಿದ ‘ಮಾನಸೋಲ್ಲಾಸ’ವು ಇದಕ್ಕೆ ಉತ್ತರ ನೀಡುತ್ತದೆ. ಐದು ವಿಂಶತಿಗಳ, ನೂರು ಅಧ್ಯಾಯಗಳ ಈ ಸಂಸ್ಕೃತ ವಿಶ್ವಕೋಶವು ಅರಸನ ಬೊಕ್ಕಸವನ್ನು ಕುರಿತು ಹೇಳುವಲ್ಲಿ ರತ್ನಪರೀಕ್ಷೆಯನ್ನೂ ವಿವರಿಸುತ್ತದೆ; ಅಲ್ಲಿ ಮುತ್ತಿಗೂ ಸ್ಥಾನವುಂಟು. ಹುಮನಾಬಾದ್ ತಾಲ್ಲೂಕಿನ ಜಲಸಂಗವಿ ದೇವಾಲಯದ ಮದನಿಕೆಯರ ಮೈಮೇಲಿನ ಹಾರಗಳನ್ನು ನೋಡಿದವರಿಗೆ ಆ ಕಾಲದ ಆಭರಣಪ್ರೀತಿಯನ್ನು ಬೇರೆ ಹೇಳಬೇಕಿಲ್ಲ. ಮುಂದೆ ಅದೇ ಕಲ್ಯಾಣದಲ್ಲಿ ಬಸವಣ್ಣನವರು ನುಡಿಯನ್ನು ಮುತ್ತಿನ ಹಾರಕ್ಕೆ ಹೋಲಿಸಿದರು. ಬೊಕ್ಕಸದ ವಸ್ತು ನುಡಿಯ ಮಾನದಂಡವಾಯಿತು.

ಮುತ್ತು ಹುಟ್ಟುವುದು ಹೇಗೆ? ವರಾಹಮಿಹಿರನ ‘ಬೃಹತ್ಸಂಹಿತೆ’ಯು ಆನೆ, ಹಾವು, ಸಿಂಪಿ, ಶಂಖ, ಮೋಡ, ಬಿದಿರು, ಮೀನು, ಹಂದಿ ಎಂಬ ಎಂಟು ಮೂಲಗಳನ್ನು ಹೇಳಿ, ಸಿಂಪಿಯ ಮುತ್ತೇ ಹೇರಳವೂ ಶ್ರೇಷ್ಠವೂ ಎನ್ನುತ್ತದೆ. ಸ್ವಾತಿಯ ಮಳೆಹನಿ ಸಿಂಪಿಯೊಳಗೆ ಬಿದ್ದು ಮುತ್ತಾಗುವುದೆಂಬುದು ಭರ್ತೃಹರಿಯ ನೀತಿಶತಕದಲ್ಲಿಯೂ ಕಾಣುವ ಕವಿಸಮಯ. ರೋಮಿನ ಪ್ಲಿನಿ ಇಬ್ಬನಿಯಿಂದ ಮುತ್ತು ಹುಟ್ಟುವುದೆಂದು ಬರೆದನು. ಈ ಕಲ್ಪನೆಗಳಲ್ಲಿ ಮುತ್ತು ಆಕಾಶದ ಕೊಡುಗೆ. ಸಿಂಪಿ ಬರಿಯ ಪಾತ್ರೆ.

ಜೈನಾಗಮದ ದೃಷ್ಟಿ ಇಲ್ಲಿ ಬೇರೆಯದು. ಕುಂದಕುಂದಾಚಾರ್ಯರು ‘ಪಂಚಾಸ್ತಿಕಾಯ’ದಲ್ಲಿ ಸ್ಪರ್ಶ ಮತ್ತು ರಸಗಳನ್ನು ಮಾತ್ರ ಅರಿಯುವ ದ್ವೀಂದ್ರಿಯ ಜೀವಗಳನ್ನು ಎಣಿಸುವಾಗ ಶಂಬೂಕ, ಶಂಖಗಳೊಡನೆ ಸಿಂಪಿಯನ್ನೂ ಹೆಸರಿಸುತ್ತಾರೆ. ಅವರ ಪ್ರಾಕೃತದ ‘ಸಿಪ್ಪಿ’ ನಮ್ಮ ‘ಸಿಂಪಿ’ಗೆ ಎಷ್ಟು ಸಮೀಪ! ಅಲ್ಲಿ ಅದು ಪಾತ್ರೆಯಲ್ಲ, ಜೀವ.

ಇಂದಿನ ಜೀವಶಾಸ್ತ್ರವೂ ಸಿಂಪಿಯನ್ನೇ ಕರ್ತೃವಾಗಿ ಕಾಣುತ್ತದೆ. ಮನ್ನಾರ್ ಕೊಲ್ಲಿಯ ಮುತ್ತಿನ ಸಿಂಪಿ ‘ಪಿಂಕ್ಟಾಡಾ ಫುಕಾಟಾ’. ಚಿಪ್ಪನ್ನು ಕಟ್ಟುವುದು ಅದರ ಮೃದುದೇಹವನ್ನು ಹೊದ್ದಿರುವ ಪೊರೆ. ಗಾಯದಿಂದಲೋ ಪರೋಪಜೀವಿಯಿಂದಲೋ ಆ ಪೊರೆಯ ಜೀವಕೋಶಗಳು ದೇಹದೊಳಗೆ ಸರಿದರೆ ಅಲ್ಲೊಂದು ಚೀಲವಾಗುತ್ತದೆ. ಅವು ತಮ್ಮ ಕೆಲಸವನ್ನು ಅಲ್ಲಿಯೂ ಬಿಡದೆ ಸುಣ್ಣದ ಹರಳುಗಳನ್ನು ಸಾವಯವ ಅಂಟಿನೊಡನೆ ಪದರಪದರವಾಗಿ ಸುತ್ತುತ್ತವೆ. ಆ ಪದರಗಳಲ್ಲಿ ಬೆಳಕು ಆಡುವುದೇ ಮುತ್ತಿನ ಕಾಂತಿ. ಮರಳಿನ ಕಣವೇ ಕಾರಣವೆಂಬ ಜನಪ್ರಿಯ ಮಾತು ಬಹುಮಟ್ಟಿಗೆ ಸಲ್ಲದು. 1973ರಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ತೂತ್ತುಕುಡಿಯಲ್ಲಿ ಕೃಷಿಮುತ್ತನ್ನು ಬೆಳೆಸಿದುದೂ ಇದೇ ತತ್ತ್ವದಿಂದ: ಚಿಪ್ಪಿನಿಂದ ಮಾಡಿದ ಗುಂಡನ್ನು, ಬೇರೊಂದು ಸಿಂಪಿಯ ಪೊರೆಯ ತುಣುಕಿನೊಡನೆ, ಸಿಂಪಿಯ ದೇಹವನ್ನು ಕೊಯ್ದು ಇಡಲಾಗುತ್ತದೆ.

ಇಲ್ಲಿ ಜೈನ ಅಧ್ಯಯನಕ್ಕೆ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯೊಂದಿದೆ. 1315ರಲ್ಲಿ ದೆಹಲಿಯಲ್ಲಿ ‘ರತ್ನಪರೀಕ್ಷೆ’ಯನ್ನು ಬರೆದ ಠಕ್ಕುರ ಫೇರು ಶ್ರಾವಕನೇ, ರತ್ನವ್ಯಾಪಾರ ಜೈನ ವಣಿಕರ ಗೌರವದ ವೃತ್ತಿಯೇ. ಸಿಂಪಿಯನ್ನು ದ್ವೀಂದ್ರಿಯ ಜೀವವೆಂದು ಗುರುತಿಸಿದ ಪರಂಪರೆಯೇ ಅದರ ಒಡಲನ್ನು ತೆರೆದು ತೆಗೆದ ವಸ್ತುವಿಗೆ ಬೆಲೆ ಕಟ್ಟಿತು. ವ್ಯಾಪಾರಿ ಕೊಂದವನಲ್ಲವೆಂದು ಸಮಾಧಾನ ಹೇಳಬಹುದು; ಆದರೆ ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ಎಣಿಸುವ ಧರ್ಮದಲ್ಲಿ ಆ ಸಮಾಧಾನ ಸುಲಭವಲ್ಲ.

ಕಾವ್ಯದ ಮುತ್ತಿಗೆ ಇದರಿಂದ ಕುಂದಿಲ್ಲ. ಸ್ವಾತಿಯ ಹನಿ ಕವಿಸಮಯವಾಗಿ ಉಳಿಯಲಿ. ವಿದ್ಯಾರ್ಥಿಗಳು ಅದನ್ನು ವಿವರಿಸುವಾಗ, ಹನಿಯ ಜೊತೆಗೆ ಸಿಂಪಿಯನ್ನೂ ನೆನೆದರೆ ಸಾಕು.