ದಂಡಿನ ಒಪ್ಪಂದ ಮತ್ತು ಪಾರ್ಲಿಮೆಂಟು

ದೇವನಹಳ್ಳಿ ಕೋಟೆಯನ್ನು ನೋಡಿದಾಗ ಅಲ್ಲಿ ಹುಟ್ಟಿದ ಟಿಪ್ಪು ಸುಲ್ತಾನರು ನಿಮಗೆ ನೆನಪಾಗುತ್ತಾರೆ. 1799ರ ಮೇ 4ರಂದು ಅವರು ರಣರಂಗದಲ್ಲಿ ಮಡಿದರು. ನಂತರ ಜುಲೈ 8ರಂದು ಆದ ಒಪ್ಪಂದವನ್ನೂ ನೀವು ತಿಳಿದಿರಬೇಕು. ಈಸ್ಟ್ ಇಂಡಿಯಾ ಕಂಪನಿಯು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಜೊತೆ ಮಾಡಿಕೊಂಡ ಒಪ್ಪಂದವದು. ಕಂಪನಿಯ ಸೈನ್ಯ ಮೈಸೂರಿನಲ್ಲಿ ನೆಲೆಸುವುದು. ಅದರ ವೆಚ್ಚಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ಕೊಡುವುದು. ಆ ಹಣ ನಿಲ್ಲುವ ಭಯವಿದ್ದರೆ ಕಂಪನಿಯೇ ಆಡಳಿತವನ್ನು ವಹಿಸಿಕೊಳ್ಳಬಹುದು! 1809ರಲ್ಲಿ ಈ ಸೈನ್ಯಕ್ಕಾಗಿ ಬೆಂಗಳೂರು ದಂಡು ಹುಟ್ಟಿತು. 1831ರಲ್ಲಿ ಆ ಕೊನೆಯ ಷರತ್ತನ್ನೇ ಮುಂದಿಟ್ಟು ಅರಸರ ಆಡಳಿತವನ್ನು ಕಿತ್ತುಕೊಳ್ಳಲಾಯಿತು.

ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಮೈಸೂರಿನ ವಿಷಯ 1867ರಲ್ಲಿ ಚರ್ಚೆಗೆ ಬಂತು. ರಾಜ್ಯವನ್ನು ಒಡೆಯರ ದತ್ತುಪುತ್ರರಿಗೆ ಮರಳಿಸಲು ಬ್ರಿಟಿಷ್ ಸರ್ಕಾರ ಅದೇ ವರ್ಷ ಒಪ್ಪಿತು. 1881ರಲ್ಲಿ ಅದು ಕೈಗೂಡಿತು. ದಂಡು ಪ್ರದೇಶ ಮಾತ್ರ 1947ರವರೆಗೂ ಬ್ರಿಟಿಷರ ಕೈಯಲ್ಲೇ ಉಳಿಯಿತು.

2025ರ ಮೇ 22ರಂದು ಡಿಯಾಗೊ ಗಾರ್ಸಿಯಾ ಸೇನಾನೆಲೆಯ ಬಗ್ಗೆ ಬ್ರಿಟನ್ ಮತ್ತು ಮಾರಿಷಸ್ ಸಹಿ ಹಾಕಿದ ಒಪ್ಪಂದವನ್ನು, 2010ರ ಕಾಯಿದೆಯಂತೆ, ಬ್ರಿಟಿಷ್ ಪಾರ್ಲಿಮೆಂಟಿನ ಮುಂದಿಡಲಾಯಿತು. 1799ರಲ್ಲಿ ಕಂದಾಯ ಕಟ್ಟುವ ನಮ್ಮ ರೈತರ ಪರವಾಗಿ ಷರತ್ತುಗಳನ್ನು ಪ್ರಶ್ನಿಸಲು ಯಾವ ಸಭೆಯೂ ಇಲ್ಲಿರಲಿಲ್ಲ. ಇಂದು ನಮಗೆ ಸಂಸತ್ತಿದೆ. ಒಪ್ಪಂದಗಳನ್ನು ಓದಿ ಪ್ರಶ್ನಿಸುವ ವಿದ್ಯೆಯನ್ನು ನೀವು ಕಲಿಯಬೇಕು.